ಫಲಕ ಪೂರ್ತಿ ಹಸಿರಾದ ಮಧ್ಯಾಹ್ನ

ಮಧ್ಯಾಹ್ನ ಒಂದು ಗಂಟೆ ಹದಿನೆಂಟು ನಿಮಿಷಕ್ಕೆ ಫಲಕ ಪೂರ್ತಿ ಹಸಿರಾಯಿತು. ಗಣಿಯ ಗುಂಡಿಯೊಳಗೆ ಈಗ ಯಾರೂ ಇಲ್ಲ, ಸಿಡಿಮದ್ದು ಹಾರಿಸಬಹುದು ಎಂದು ಅದರ ಅರ್ಥ. ಆ ಫಲಕವನ್ನು ಗೋಡೆಗೆ ಹಾಕಿಸಿದವಳು ನಾನೇ. ಅದೇ ಹೊತ್ತಿಗೆ ಗುಂಡಿಯ ತಳದಲ್ಲಿ, ಮದ್ದು ತುಂಬಿದ ಬಂಡೆಯಿಂದ ನಲವತ್ತು ಹೆಜ್ಜೆ ಆಚೆ, ಪಂಪು ನಡೆಸುವ ಮಹಬೂಬ್ ಚಾಚಾ ಸೊಂಟದ ತನಕ ಕೆಸರು ನೀರಿನಲ್ಲಿ ನಿಂತು ಪೈಪಿನ ಬಾಯಿಗೆ ಸಿಕ್ಕ ಕಸ ಕೀಳುತ್ತಿದ್ದರು.

ಇದಾಗಿ ಮೂರು ವರ್ಷವಾಯಿತು. ಮೊನ್ನೆ ಚಿತ್ತಾಪುರದಿಂದ ವಾಡಿಗೆ ಬಸ್ಸಿನಲ್ಲಿ ಬರುವಾಗ ಮಳೆ ಹಿಡಿಯಿತು. ನೆನೆದ ಸುಣ್ಣಕಲ್ಲಿನ ಧೂಳಿನ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಮುಷ್ಟಿ ಕಟ್ಟಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವ, ಆರಾಮ ಇಲ್ಲೇನು?" ಎಂದು ಕೇಳಿದಳು. ಆರಾಮ ಇದ್ದೇನೆ ಎಂದೆ. ನನಗೆ ಸಿಟ್ಟು ಬಂದಿತ್ತು. ಮೂರು ವರ್ಷವಾದರೂ ಆ ಸಿಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ.

ಆಗ ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಒಂದು ಸಣ್ಣ ಕಂಪನಿ ಸೇರಿದ್ದೆ. ಕಂಪನಿಯ ಆಫೀಸು ಹೈದರಾಬಾದಿನಲ್ಲಿ, ನನ್ನ ಕೆಲಸ ವಾಡಿ ಹತ್ತಿರದ ಒಂದು ಸುಣ್ಣಕಲ್ಲಿನ ಗಣಿಯಲ್ಲಿ. ಅಪ್ಪ ಸೇಡಂನ ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಮಗಳು ನೆರಳಲ್ಲಿ ಕೂತು ಮಾಡುವ ಕೆಲಸ ಹಿಡಿದಳೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದ.

ನಮ್ಮ ಕಂಪನಿ ಗಣಿಯ ಪ್ರತಿಯೊಬ್ಬರ ಕೊರಳಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ವೈರ್‌ಲೆಸ್ ಸಾಧನವೊಂದನ್ನು ಹಾಕಿತ್ತು. ಜನ ಅದನ್ನು ಬಿಲ್ಲೆ ಎನ್ನುತ್ತಿದ್ದರು. ಗುಂಡಿಗೆ ಇಳಿದಾಗಿನಿಂದ ಅದು ಹತ್ತು ಸೆಕೆಂಡಿಗೊಮ್ಮೆ "ಒಳಗಿದ್ದೇನೆ" ಎಂದು ತಾನೇ ಸಂದೇಶ ಕಳಿಸುತ್ತಿತ್ತು. ಮೇಲಿನ ಶೆಡ್ಡಿಗೆ ಬಂದವರು ಅದರ ಬಟನ್ ಒತ್ತಿದರೆ "ಹೊರಗೆ ಬಂದೆ" ಎಂದು ಕಳಿಸುತ್ತಿತ್ತು. ಶೆಡ್ಡಿನ ಪಕ್ಕದ ಕ್ಯಾಬಿನ್ನಿನಲ್ಲಿದ್ದ ನಮ್ಮ ರಿಸೀವರ್ ಡಬ್ಬಿ ಅದನ್ನು ಕೇಳಿಸಿಕೊಂಡು, ಬಿಲ್ಲೆಗೆ ಒಂದು ಬೀಪ್ ಮರಳಿಸಿ, ಗೋಡೆಯ ಫಲಕದಲ್ಲಿ ಆ ಹೆಸರಿನ ಕೆಂಪು ದೀಪವನ್ನು ಹಸಿರು ಮಾಡಬೇಕು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬ್ಲಾಸ್ಟಿಂಗ್. ಫಲಕ ಹಸಿರಾಗದೆ ಮದ್ದು ಹಾರಿಸುವಂತಿಲ್ಲ.

ಬಿಲ್ಲೆ ಹಂಚಿದ ದಿನ ತರಬೇತಿ ಕೊಟ್ಟವಳೂ ನಾನೇ. ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ, "ಬೀಪ್ ಬರೋತನಕ ಒತ್ತರಿ, ಬಿಡಬ್ಯಾಡ್ರಿ" ಎಂದಿದ್ದೆ. ಈ ಮಾತು ನೆನಪಿರಲಿ. ನಾನಂತೂ ಮರೆತಿಲ್ಲ.

ಆ ಸಲ ಆಷಾಢ ಮುಗಿದರೂ ಮಳೆ ಬಿಡಲಿಲ್ಲ. ಗುಂಡಿಯ ತಳದಲ್ಲಿ ನೀರು ನಿಂತು, ಬಿಳಿ ಧೂಳೆಲ್ಲ ಹಿಟ್ಟು ಕಲಸಿದ ಹಾಗೆ ಕೆಸರಾಗಿತ್ತು. ಮಹಬೂಬ್ ಚಾಚಾನ ಪಂಪು ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಡೀಸೆಲ್ ಇಂಜಿನ್ನಿನ ಆ ಸದ್ದಿನಲ್ಲಿ, ಅದರ ಮೇಲೆ ಮಳೆಯ ಸದ್ದಿನಲ್ಲಿ, ಸೈರನ್ ಕೇಳುವುದಿಲ್ಲ. ಅದಕ್ಕೇ ತಾನೇ ನಮ್ಮ ಬಿಲ್ಲೆ ಬಂದದ್ದು?

ಅಂದು ಎರಡನೇ ಸೈರನ್ ಆಗಿ ಎಲ್ಲರೂ ಮಳೆಗೆ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಓಡಿ ಬಂದು ಶೆಡ್ಡಿನಲ್ಲಿ ತುಂಬಿಕೊಂಡರು. ಎಲ್ಲರ ಹೆಬ್ಬೆರಳೂ ಬಿಲ್ಲೆಯ ಮೇಲೆ. ಟಕಟಕ ಒತ್ತುತ್ತಿದ್ದಾರೆ, ಬೀಪ್ ಇಲ್ಲ. ಲಕ್ಷ್ಮೀಬಾಯಿ ಎಂಬಾಕೆ, "ಏ, ನಂದು ಸತ್ತದ ನೋಡಕ್ಕ ಇದು, ಹೊಟ್ಟಿ ಹಸ್ತದ, ಎಷ್ಟು ಒತ್ತಬೇಕು?" ಎಂದು ಕೂಗಿದಳು. "ಒತ್ತರಿ, ಬರ್ತದ" ಎಂದೆ. ಇನ್ನೂ ಒತ್ತಿದರು. ಸ್ವಲ್ಪ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಬೀಪ್ ಬಂತು. ಆಮೇಲೆ ಒಂದು ಹದಿನೆಂಟಕ್ಕೆ ಕೊನೆಯ ಕೆಂಪು ದೀಪವೂ ಹಸಿರಾಯಿತು. ಅದು ಮಹಬೂಬ್ ಚಾಚಾನದು.

ಮದ್ದು ಹಾರಿಸುವವರು ಶರಣಪ್ಪ ಕಾಕಾ. ಚಿಕ್ಕಂದಿನಲ್ಲಿ ಶಹಾಬಾದಿನಲ್ಲಿ ಹಾಸುಗಲ್ಲು ಎಬ್ಬಿಸುತ್ತಿದ್ದವರು, ಆಮೇಲೆ ಪರವಾನಗಿ ಪಡೆದು ಈ ಗಣಿಗೆ ಬಂದವರು. ಮದ್ದು ಸಿಡಿಸುವ ಯಂತ್ರಕ್ಕೆ ಕೀಲಿ ಹಾಕಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, "ಸುಜಾತವ್ವ, ಹಸರ ಆತೇನು?" ಎಂದು ಕೇಳಿದರು. ಆತ್ರಿ ಎಂದೆ. ಮೂರನೇ ಸೈರನ್ ಹಾಕಿಸಿದರು. ಅದು ನಿಂತ ಕೂಡಲೇ ಯಂತ್ರದ ಬಟನ್ ಒತ್ತಬೇಕು.

ಆ ಗಣಿಯಲ್ಲಿ ಯಾರೂ ಬುತ್ತಿಯನ್ನು ಕೆಳಗೆ ಒಯ್ಯುತ್ತಿರಲಿಲ್ಲ. ರೊಟ್ಟಿಗೆ ಧೂಳು ಬೀಳುತ್ತದೆಂದು ಬೆಳಗ್ಗೆ ಬಂದವರು ಶೆಡ್ಡಿನ ಕಬ್ಬಿಣದ ಸಲಾಕೆಗೆ ಸಾಲಾಗಿ ಗಂಟು ನೇತುಹಾಕಿ ಇಳಿಯುತ್ತಿದ್ದರು. ಹೊರಗೆ ಬಂದು ಬಿಲ್ಲೆ ಒತ್ತಿ, ತಮ್ಮ ಗಂಟು ಬಿಚ್ಚಿಕೊಂಡು ಕೂರುತ್ತಿದ್ದರು. ಸೈರನ್ ಇನ್ನೂ ಕೂಗುತ್ತಿರುವಾಗ ಶರಣಪ್ಪ ಕಾಕಾ ಫಲಕ ನೋಡಲಿಲ್ಲ, ಸಲಾಕೆ ನೋಡಿದರು.

"ಆ ಕೆಂಪು ವಸ್ತ್ರದ ಬುತ್ತಿ ಯಾರ್ದು?"

ಲಕ್ಷ್ಮೀಬಾಯಿ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, "ಚಾಚಾಂದು ಅದ. ಇಲ್ಲೇ ಎಲ್ಲೋ ಬೀಡಿ ಸೇದ್ಲಿಕತ್ತಿರಬೇಕು," ಎಂದಳು.

"ಎಲ್ಲಿ? ನೋಡ್ರಿ ಒಬ್ಬರು."

ಆಗ ನಾನು ಒಂದು ಮಾತು ಆಡಿದೆ. ಸೈರನ್ ನಿಂತಿತ್ತು, ಎಲ್ಲರಿಗೂ ಕೇಳಿಸುವ ಹಾಗೆ ಆಡಿದೆ. "ಕಾಕಾ, ಫಲಕ ಹಸರ ಅದ ಅಲ್ರಿ. ಹಾರಸ್ರಿ."

ಅವರು ನನ್ನನ್ನು ನೋಡಿದರು. "ಹಸರ ಇದ್ರ ಇರ್ಲಿ. ಬುತ್ತಿ ಇಲ್ಲೇ ಅದ." ಕೀಲಿ ಹೊರಗೆಳೆದು ಅಂಗಿಯ ಕಿಸೆಗೆ ಹಾಕಿಕೊಂಡರು. ತಂತಿ ಬಿಚ್ಚಿಸಿದರು. ಬೇರೆ ಯಾರನ್ನೂ ಕಳಿಸದೆ ತಾವೇ ಜೀಪು ತೆಗೆದುಕೊಂಡು ಗುಂಡಿಗೆ ಇಳಿದರು. ನಾನೂ ಹಿಂದೆ ಹತ್ತಿ ಕೂತೆ.

ತಿರುವು ಇಳಿದ ಮೇಲೆ ಚಾಚಾ ಕಂಡರು. ಕೈಯಲ್ಲಿ ಒಂದು ಹಿಡಿ ಕೊಳೆತ ಹುಲ್ಲು. ನಮ್ಮನ್ನು ನೋಡಿ ನಕ್ಕು, ಇಂಜಿನ್ನಿನ ಸದ್ದಿನ ಮೇಲೆ ಕೂಗಿದರು: "ಏನ್ರೀ ಶರಣಪ್ಪ, ಊಟಕ್ಕ ಕರೀಲಿಕ್ಕೆ ಜೀಪ್ ತಂದೀರಿ? ನನ್ನ ಲಗ್ನದಾಗೂ ಇಷ್ಟು ಮರ್ಯಾದಿ ಸಿಕ್ಕಿಲ್ಲ!"

ಶರಣಪ್ಪ ಕಾಕಾ ಬಂಡೆಯ ಕಡೆ ಬೆರಳು ತೋರಿಸಿದರು. ಮದ್ದು ತುಂಬಿದ ರಂಧ್ರಗಳಿಂದ ಹೊರಬಿದ್ದ ತಂತಿಗಳು ಮಳೆಯಲ್ಲಿ ಮಿಂಚುತ್ತಿದ್ದವು. ಚಾಚಾನ ನಗು ನಿಂತಿತು. ಅವರ ಕೊರಳಲ್ಲಿದ್ದ ಬಿಲ್ಲೆಯನ್ನು ನಾನು ನೋಡಿದೆ. ಅದರ ದೀಪ ಹತ್ತು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಒಳಗಿದ್ದೇನೆ. ಒಳಗಿದ್ದೇನೆ.

ಎರಡು ದಿನದ ಮೇಲೆ ಗಣಿಯ ಆಫೀಸಿನಿಂದ ಒಂದು ಮೆಮೋ ಬಂತು. ಯಾರಿಗೆ ಬಂತೆಂದು ತಿಳಿದಿರಿ? ಮಹಬೂಬ್ ಚಾಚಾಗೆ. ಸೈರನ್ ಆದರೂ ಹೊರಗೆ ಬಾರದೆ ನಿಯಮ ಮುರಿದಿದ್ದಾರೆ, ಬಿಲ್ಲೆಯನ್ನು ಬಂದ್ ಮಾಡಿದ್ದಿರಬಹುದು, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ವಾರದೊಳಗೆ ಉತ್ತರಿಸಬೇಕು. ಮದ್ದಿನ ಬಾಯಿಂದ ಬದುಕಿ ಬಂದವನನ್ನು ಕೆಲಸದಿಂದ ಕಳೆಯುವ ಕಾಗದವದು.

ವಾಡಿ ಸ್ಟೇಷನ್ನಿನ ಹಿಂದಿದ್ದ ಅವರ ಮನೆಗೆ ಹೋದೆ. ಅವರ ಹೆಂಡತಿ ಜೈನಾಬಿ ಚಾಚಿ ಚಹಾ ಕೊಟ್ಟು, ದನಿ ತಗ್ಗಿಸಿ ಹೇಳಿದರು: "ನಿದ್ದಿ ಇಲ್ಲ ಬೇಟಿ ಇವ್ರಿಗಿ. ಕಣ್ಣ ಮುಚ್ಚಿದ್ರ ಎದ್ದು ಕುಂದರ್ತಾರ. ಏನ್ ಅಂದ್ರ, ಬಂಡಿ ಕಾಣ್ತದ ಅಂತಾರ." ನನಗೂ ನಿದ್ದೆ ಇರಲಿಲ್ಲ. ನನಗೆ ಬಂಡೆ ಕಾಣುತ್ತಿರಲಿಲ್ಲ, ನನ್ನದೇ ದನಿ ಕೇಳುತ್ತಿತ್ತು. ಹಾರಸ್ರಿ. ಅದನ್ನು ಅವರಿಗೆ ಹೇಳಲಾಗಲಿಲ್ಲ.

ಅಂದೇ ಚಾಚಾನ ಬಿಲ್ಲೆ ಬಿಚ್ಚಿದೆ. ಕಳಿಸಿದ ಪ್ರತಿಯೊಂದು ಸಂದೇಶದ ವೇಳೆಯನ್ನೂ ಬಿಲ್ಲೆ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಫಲಕ ಹಸಿರಾಗುವ ಮುಂಚಿನ ಎರಡು ನಿಮಿಷದಲ್ಲಿ ಅದು ಹನ್ನೆರಡು ಸಲ "ಒಳಗಿದ್ದೇನೆ" ಎಂದಿತ್ತು. ನಮ್ಮ ಡಬ್ಬಿ ಹನ್ನೆರಡರಲ್ಲಿ ಒಂದನ್ನೂ ಕೇಳಿರಲಿಲ್ಲ.

ಯಾಕೆ ಕೇಳಲಿಲ್ಲ? ಅದನ್ನು ತಿಳಿಯಲು ಡಬ್ಬಿಯ ಡ್ರೈವರ್ ತೆರೆದೆ. ವೈರ್‌ಲೆಸ್ ಚಿಪ್ ಹಿಡಿದ ಸಂದೇಶಗಳನ್ನು ಮೇಲಿನ ತಂತ್ರಾಂಶಕ್ಕೆ ಮುಟ್ಟಿಸುವ ಸಣ್ಣ ಪ್ರೋಗ್ರಾಂ ಅದು. ದಾಲ್ ಮಿಲ್ಲಿನಲ್ಲಿ ತೊಗರಿ ಸುರಿಯುವ ಹಾಪರ್ ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಮೇಲಿಂದ ಹಮಾಲರು ಚೀಲ ಸುರಿಯುತ್ತಾರೆ, ಕೆಳಗೆ ಯಂತ್ರ ಎಳೆದುಕೊಳ್ಳುತ್ತದೆ. ಎಳೆಯುವುದಕ್ಕಿಂತ ಸುರಿಯುವುದು ಜೋರಾದರೆ ಹಾಪರ್ ತುಂಬಿ ಕಾಳು ನೆಲಕ್ಕೆ ಚೆಲ್ಲುತ್ತದೆ. ಬಂದ ಸಂದೇಶಗಳನ್ನು ಹಿಡಿದಿಡುವ ಡಬ್ಬಿಯ ಬಫರ್ ಅಂಥದೊಂದು ಹಾಪರ್. ಅದರಲ್ಲಿ ಹದಿನಾರು ಖಾನೆ. ಚಿಪ್ ಒಂದು ಸಂದೇಶವನ್ನು ಒಂದು ಖಾನೆಗೆ ಹಾಕಿ ಕರೆ ಕೊಡುತ್ತದೆ, ಡ್ರೈವರ್ ಬಂದು ತೆಗೆದುಕೊಳ್ಳುತ್ತದೆ. ನಮ್ಮ ಡ್ರೈವರ್ ಕರೆ ಬಂದಾಗಲೆಲ್ಲ ಒಂದೇ ಸಂದೇಶ ತೆಗೆಯುತ್ತಿತ್ತು, ಹಿಂದೆ ಐದು ಕಾದಿದ್ದರೂ ಒಂದೇ. ಶೆಡ್ಡಿನ ಅಷ್ಟೂ ಜನ ಟಕಟಕ ಒತ್ತಿದಾಗ ಹದಿನಾರೂ ಖಾನೆ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತಿದ್ದವು. ತುಂಬಿ ಹರಿಯಿತೆಂದು ಚಿಪ್ ಹೇಳಿದರೆ ಡ್ರೈವರ್ ಏನು ಮಾಡುತ್ತಿತ್ತು ಗೊತ್ತೇ? ರೇಡಿಯೋವನ್ನೇ ಬಂದ್ ಮಾಡಿ, ಖಾನೆಗಳಲ್ಲಿ ಸರಿಯಾಗಿ ಬಂದು ಕೂತಿದ್ದ ಸಂದೇಶಗಳನ್ನೂ ಬಳಿದು ಎಸೆದು, ಮತ್ತೆ ಶುರು ಮಾಡುತ್ತಿತ್ತು. ಆ ಹೊತ್ತಿನಲ್ಲಿ ಬಂದದ್ದೂ ಹೋಯಿತು. ಬೀಪ್ ಬಾರದ ಜನ ಇನ್ನೂ ಒತ್ತಿದರು. ಒತ್ತಿದಷ್ಟೂ ಚೆಲ್ಲಿತು, ಚೆಲ್ಲಿದಷ್ಟೂ ಒತ್ತಿದರು. ಬೀಪ್ ಬರೋತನಕ ಒತ್ತರಿ ಎಂದು ಕಲಿಸಿದವಳು ನಾನು. ಅಷ್ಟು ಗದ್ದಲದ ನಡುವೆ ಗುಂಡಿಯ ತಳದಿಂದ ಕ್ಷೀಣವಾಗಿ ಬರುತ್ತಿದ್ದ ಒಂದು ಬಿಲ್ಲೆಯ ಮಾತಿಗೆ ಜಾಗ ಎಲ್ಲಿ?

ಇಷ್ಟಾದರೂ ಚಾಚಾನ ದೀಪ ಕೆಂಪಾಗಿಯೇ ಉಳಿಯಬೇಕಿತ್ತು. ಉಳಿಯಲಿಲ್ಲ. ಎರಡು ನಿಮಿಷ ಸದ್ದಿಲ್ಲದ ಬಿಲ್ಲೆ ಹೊರಗೆ ಹೋಗಿದೆ ಎಂದು ತಿಳಿಯುವ ಹಾಗೆ ಫಲಕವನ್ನು ಬರೆದಿದ್ದರು. ಬ್ಯಾಟರಿ ಸತ್ತ ಬಿಲ್ಲೆಗಳಿಂದ ಬ್ಲಾಸ್ಟಿಂಗ್ ತಡವಾಗುತ್ತದೆಂದು ಗಣಿಯವರು ಗೊಣಗಿದ್ದಕ್ಕೆ, ನಮ್ಮ ಮುಖ್ಯ ಇಂಜಿನಿಯರ್ ದಿನಕರ್ ಸೇರಿಸಿದ ಉಪಕಾರವದು. ಡ್ರೈವರಿನಲ್ಲಿ ಬಫರ್ ತುಂಬಿ ಹರಿದಾಗ ಎಚ್ಚರಿಕೆ ಬರೆಯುವ ಒಂದು ಸಾಲೂ ಇತ್ತು. ಅದನ್ನು ಯಾರೋ ನಿಷ್ಕ್ರಿಯ ಮಾಡಿ ಪಕ್ಕದಲ್ಲಿ ಟಿಪ್ಪಣಿ ಇಟ್ಟಿದ್ದರು: ಈ ಸಂದೇಶ ಸುಮ್ಮನೆ ಪರದೆ ತುಂಬುತ್ತದೆ, ಗ್ರಾಹಕರು ಗಾಬರಿಯಾಗುತ್ತಾರೆ, ತೆಗೆದಿದ್ದೇನೆ. ಕೆಳಗೆ ದಿನಕರ್ ಹೆಸರಿನ ಮೊದಲ ಅಕ್ಷರ.

ಆ ಸಾಲನ್ನು ಓದಿದಾಗ ಕ್ಯಾಬಿನ್ನಿನಲ್ಲಿ ಒಬ್ಬಳೇ ಇದ್ದೆ. ಕುರ್ಚಿಯನ್ನು ಎಷ್ಟು ಜೋರಾಗಿ ಒದ್ದೆನೆಂದರೆ ಅದರ ಒಂದು ಗಾಲಿ ಕಿತ್ತು ಬಂತು.

ದಿನಕರ್‌ಗೆ ಫೋನು ಮಾಡಿದೆ. ಅವರು ಮೃದುವಾಗಿ ಮಾತನಾಡುವವರು. "ನೋಡಿ ಸುಜಾತಾ, ಯಾರಿಗೂ ಏನೂ ಆಗಿಲ್ಲ ತಾನೇ? ಬಫರ್ ಸ್ವಲ್ಪ ದೊಡ್ಡದು ಮಾಡಿ ಕಳಿಸ್ತೀನಿ, ಹಾಕಿಬಿಡಿ. ಬಿಲ್ಲೆಯ ದಾಖಲೆ ಎಲ್ಲ ಗಣಿಯವರ ಮುಂದೆ ತೆಗೆಯೋದು ಬೇಡ. ನಮ್ಮ ಗುತ್ತಿಗೆ ನವೀಕರಣ ಇದೆ."

"ಸರ್, ಹಾಪರ್ ದೊಡ್ಡದಾದ್ರೆ ತುಂಬೋದು ತಡ ಆಗ್ತದೆ ಅಷ್ಟೆ. ತುಂಬಿದಾಗ ಏನು ಮಾಡ್ತೀರಿ?"

"ಅಷ್ಟು ತುಂಬಲ್ಲ."

"ಚಾಚಾಗೆ ಮೆಮೋ ಕೊಟ್ಟಿದಾರೆ."

"ಅದು ಅವರ ಒಳಗಿನ ವಿಷಯ."

ಫೋನು ಇಟ್ಟೆ. ಒಬ್ಬ ಮನುಷ್ಯ ನುಚ್ಚುನೂರಾಗುವುದು ಒಂದು ಬುತ್ತಿಯಿಂದ ತಪ್ಪಿದೆ. ಅವರಿಗೆ ಅದು ಒಳಗಿನ ವಿಷಯ. ಇವತ್ತಿಗೂ ಈ ಎರಡು ಶಬ್ದ ಎಲ್ಲಿ ಕೇಳಿದರೂ ನನ್ನ ಕಿವಿ ಬಿಸಿಯಾಗುತ್ತದೆ.

ವಿಚಾರಣೆಯ ದಿನ ಗಣಿಯ ಆಫೀಸಿನಲ್ಲಿ ಮ್ಯಾನೇಜರ್, ಸುರಕ್ಷತಾ ಸಮಿತಿಯ ನಾಲ್ವರು, ಒಂದು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಚಾಚಾ. ಕರೆಯದಿದ್ದರೂ ಶರಣಪ್ಪ ಕಾಕಾ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಬಿಲ್ಲೆ ಯಾಕೆ ಬಂದ್ ಮಾಡಿದಿ ಎಂದು ಮ್ಯಾನೇಜರ್ ಕೇಳಿದರು.

ಚಾಚಾ ಹೇಳಿದರು: "ಸಾಹೇಬ್, ಅದ್ಕ ಬಂದ್ ಮಾಡೋ ಬಟನ್ನೇ ಇಲ್ಲ. ಅದು ಒದರೇ ಒದರ್ಯದ. ನಿಮ್ಮ ಡಬ್ಬಿಗಿ ಕಿವಿ ಇಲ್ಲಂದ್ರ ನಂದೇನ್ ಖಸೂರ?"

"ಅದು ಒದರಿದ್ದಕ್ಕೆ ಸಾಕ್ಷಿ ಏನು?"

ನಾನು ಎದ್ದು ಎರಡು ಕಾಗದಗಳನ್ನು ಮೇಜಿನ ಮೇಲೆ ಇಟ್ಟೆ. ಒಂದರಲ್ಲಿ ಬಿಲ್ಲೆ ಆಡಿದ ಹನ್ನೆರಡು ಮಾತು, ಇನ್ನೊಂದರಲ್ಲಿ ಅದೇ ಎರಡು ನಿಮಿಷದಲ್ಲಿ ಡಬ್ಬಿಯ ಬಫರ್ ಎಷ್ಟು ಸಲ ತುಂಬಿ ಹರಿಯಿತೆಂಬ ಲೆಕ್ಕ. ಎಚ್ಚರಿಕೆಯ ಸಾಲನ್ನು ತೆಗೆದವರು ಎಣಿಕೆಯನ್ನು ತೆಗೆಯಲು ಮರೆತಿದ್ದರು. "ತಪ್ಪು ನಮ್ಮ ಕಂಪನಿದು. ಅದ್ರಾಗ ನಂದೂ ಅದ. ಆವತ್ತು ಹಾರಸ್ರಿ ಅಂತ ಅಂದಾಕಿ ನಾನು," ಎಂದೆ. ಚಾಚಾ ತಲೆ ಎತ್ತಿ ನೋಡಿದರು. ಅವರಿಗೆ ಅದು ಅಲ್ಲಿಯ ತನಕ ಗೊತ್ತಿರಲಿಲ್ಲ.

ಮೆಮೋ ವಾಪಸಾಯಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಚಾಚಾ ಸೈಕಲ್ಲಿನ ಬೀಗ ತೆಗೆದರು. ಆಮೇಲೆ, "ನನಗ ನಿನ್ನ ಮ್ಯಾಲ ಸಿಟ್ಟು ಬಂದದ ಬೇಟಿ. ಸುಳ್ಳ್ಯಾಕ ಹೇಳ್ಲಿ," ಎಂದರು. "ಆದ್ರ ಡಬ್ಬಿ ರಿಪೇರಿ ಮಾಡಾಕಿನೂ ನೀನೇ. ಮಾಡು." ಅಷ್ಟೇ ಹೇಳಿ ಸೈಕಲ್ ಹತ್ತಿದರು.

ಮಾಡಿದೆ. ದಿನಕರ್ ಒಪ್ಪಿಗೆ ಕೊಡಲಿಲ್ಲ. ಗಣಿಯವರು ಬರವಣಿಗೆಯಲ್ಲಿ ಕೇಳಿದ ಮೇಲೆ ಬೇಡ ಎನ್ನಲೂ ಆಗಲಿಲ್ಲ. ಖಾನೆಗಳನ್ನು ಹೆಚ್ಚಿಸಿದೆ, ಆದರೆ ಅದರ ಮೇಲೆ ಭರವಸೆ ಇಡಲಿಲ್ಲ. ಕರೆ ಬಂದಾಗ ಡ್ರೈವರ್ ಕಾದಿರುವುದನ್ನೆಲ್ಲ ತೆಗೆದೇ ಮರಳಬೇಕು. ತುಂಬಿ ಹರಿದರೆ ಖಾನೆಯಲ್ಲಿ ಇರುವುದನ್ನು ಮೊದಲು ಜೋಪಾನವಾಗಿ ಎತ್ತಿಕೊಂಡು, ಆಮೇಲೆ ಸ್ವೀಕಾರವನ್ನು ಮುಂದುವರಿಸಬೇಕು, ರೇಡಿಯೋ ಬಂದ್ ಮಾಡಬಾರದು. ತಿದ್ದಿದ ಹೊಸ ಬಿಲ್ಲೆಯನ್ನು ಎಷ್ಟು ಸಲ ಒತ್ತಿದರೂ ಒಂದೇ ಸಂದೇಶ ಹೊರಡಬೇಕು, ಉತ್ತರ ಬಾರದಿದ್ದರೆ ತುಸು ಕಾದು ಅದೇ ಮತ್ತೆ ಕಳಿಸಬೇಕು. ಎಲ್ಲಕ್ಕಿಂತ ದೊಡ್ಡದು ಇದು: ಒಂದೇ ಒಂದು ಸಂದೇಶ ಚೆಲ್ಲಿದರೂ ಡ್ರೈವರ್ ಅದನ್ನು ನುಂಗದೆ ಫಲಕಕ್ಕೆ ಹೇಳಬೇಕು. ಫಲಕ ಪೂರ್ತಿ ಕೆಂಪಾಗಬೇಕು. ಸದ್ದಿಲ್ಲದ ಬಿಲ್ಲೆ ಕೆಂಪಾಗಿಯೇ ಇರಬೇಕು. ಬ್ಲಾಸ್ಟಿಂಗ್ ತಡವಾದರೆ ಆಗಲಿ.

ಗಣಿಗೆ ರಜೆ ಇದ್ದ ದಿನ ಪರೀಕ್ಷೆ. ತಿದ್ದದ ಹಳೆಯ ಬಿಲ್ಲೆಗಳನ್ನೇ ಕೊಟ್ಟು, ಗಲಾಟೆ ಮಾಡುವ ಹಾಗೆ ಒತ್ತಬೇಕೆಂದು ಜನರನ್ನು ಕರೆದಿದ್ದೆ. ಲಕ್ಷ್ಮೀಬಾಯಿ ಎರಡೂ ಕೈಯಲ್ಲಿ ಒಂದೊಂದು ಬಿಲ್ಲೆ ಹಿಡಿದು, "ನನ್ನ ಗಂಡನ ಕುತ್ತಿಗಿ ಅಂತ ತಿಳದು ಒತ್ತತೀನಿ ನೋಡಕ್ಕ!" ಎಂದಳು. ಶೆಡ್ಡೆಲ್ಲ ನಕ್ಕಿತು. ಗುಂಡಿಯ ತಳಕ್ಕೆ ಯಾರಾದರೂ ಹೋಗಬೇಕಿತ್ತು. ನಾನು ಹೊರಟೆ. ಚಾಚಾ ನನ್ನ ಕೈಯಿಂದ ಬಿಲ್ಲೆ ಕಿತ್ತುಕೊಂಡರು. "ನೀ ಫಲಕ ನೋಡು. ತಳಾ ನಂದು." ಅವರು ಇಳಿದರು, ಇವರು ಒತ್ತಿದರು, ಬಫರ್ ತುಂಬಿ ಹರಿಯಿತು. ಫಲಕ ಒಮ್ಮೆಲೇ ಕೆಂಪಾಯಿತು. ಒತ್ತುವ ಗಲಾಟೆ ತಗ್ಗಿದ ಮೇಲೆ ಒಂದೊಂದೇ ಹಸಿರಾಗುತ್ತ ಬಂದು ಚಾಚಾನದೊಂದು ಕೆಂಪಾಗಿಯೇ ಉಳಿಯಿತು. ನಾನು ಅದನ್ನು ನೋಡುತ್ತ ಬಹಳ ಹೊತ್ತು ನಿಂತೆ.

ಅಂದೂ ನಿದ್ದೆ ಬರಲಿಲ್ಲ. ರಜೆಯ ದಿನ ಕೆಂಪಾಗುವುದು ಏನು ದೊಡ್ಡದು?

ಮಳೆ ಹಿಂದೆಗೆಯುವ ಹೊತ್ತಿಗೆ ಆ ದಿನ ಬಂತು. ಚಿಂಚೋಳಿ ಕಡೆಯಿಂದ ಹೊಸ ಗುತ್ತಿಗೆಯ ತಂಡವೊಂದು ಬಂದಿತ್ತು. ಅವರಿಗೆ ಯಾರೋ ಹಳೆಯ ಬಿಲ್ಲೆ ಹಂಚಿಬಿಟ್ಟಿದ್ದರು. ಬ್ಲಾಸ್ಟಿಂಗ್ ಹೊತ್ತಿಗೆ ಅವರೆಲ್ಲ ಶೆಡ್ಡಿಗೆ ಬಂದು ಒತ್ತಿದ್ದೇ ಒತ್ತಿದ್ದು. ಎರಡನೇ ಸೈರನ್ ಆಗಿತ್ತು. ಫಲಕ ಪೂರ್ತಿ ಕೆಂಪು.

ಮ್ಯಾನೇಜರ್ ತಾವೇ ಬಂದರು. ಹೊರಗೆ ರೈಲಿಗೆ ಕಲ್ಲು ತುಂಬುವುದು ತಡವಾಗುತ್ತಿತ್ತು. "ಎಲ್ಲಾ ಮಂದಿ ಇಲ್ಲೇ ಕುಂತಾರಲ್ರೀ! ಕಣ್ಣಿಗಿ ಕಾಣವಲ್ತೇನು? ಎಣಿಸಿದ್ವಿ, ಸರಿ ಅದ. ಹಾರಸು ಶರಣಪ್ಪ."

ಶರಣಪ್ಪ ಕಾಕಾ ನನ್ನನ್ನು ನೋಡಿದರು. ನಾನು ಫಲಕ ನೋಡಿದೆ. "ಇಲ್ರಿ. ಡಬ್ಬಿ ಏನೋ ಕೇಳದೇ ಬಿಟ್ಟದ. ಏನ್ ಅಂತ ಅದ್ಕ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾರಸಬ್ಯಾಡ್ರಿ," ಎಂದೆ.

ಅವರು ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ಮುಕ್ಕಾಲು ಗಂಟೆ ಕೆಲಸ ನಿಂತಿತು. ಹೊಸ ಬಿಲ್ಲೆ ಕೊಟ್ಟು, ಒಬ್ಬೊಬ್ಬರನ್ನೇ ಕರೆದು, ಗುಂಡಿ ಸುತ್ತಿ ನೋಡಿ ಬಂದೆವು. ಒಳಗೆ ಯಾರೂ ಇರಲಿಲ್ಲ. ಮ್ಯಾನೇಜರ್ ನನಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಹಸಿದ ಜನವೂ ಬೈದರು. ದಿನಕರ್ ಸಂಜೆಯೊಳಗೆ ಎರಡು ಸಲ ಫೋನು ಮಾಡಿ, ಮೃದುವಾಗಿಯೇ, ನನ್ನನ್ನು ಬೇರೆ ಕಡೆಗೆ ಕಳಿಸುವ ಮಾತು ಆಡಿದರು. ಕಳಿಸಿರಿ ಎಂದೆ. ಡ್ರೈವರಿನಲ್ಲಿ ಆ ಎಚ್ಚರಿಕೆಯ ಸಾಲು ಮುಟ್ಟಿದರೆ ಗಣಿಗಳ ಸುರಕ್ಷತಾ ಅಧಿಕಾರಿಗೆ ಬರೆಯುತ್ತೇನೆ ಎಂದೂ ಹೇಳಿದೆ.

ಚಾಚಾ ಅಷ್ಟೂ ಹೊತ್ತು ಶೆಡ್ಡಿನಲ್ಲಿ, ಫಲಕದ ಎದುರಿಗೇ ಕೂತಿದ್ದರು. ಹೊರಡುವಾಗ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, "ಗೊತ್ತಿಲ್ಲ ಅನ್ಲಿಕ್ಕೆ ಕಲೀತು ನೋಡು ಡಬ್ಬಿ," ಎಂದರು. ಇಡೀ ದಿನದಲ್ಲಿ ನನಗೆ ಬೈಯದಿದ್ದವರು ಅವರು ಮತ್ತು ಶರಣಪ್ಪ ಕಾಕಾ, ಇಬ್ಬರೇ.

ಮರುದಿನ ನನ್ನನ್ನು ಎಬ್ಬಿಸಿದ್ದು ಫೋನು. ಜೈನಾಬಿ ಚಾಚಿ. ಗಾಬರಿಯ ದನಿ. "ಬೇಟಿ, ಇವ್ರು ಇನ್ನಾ ಎದ್ದಿಲ್ಲ. ಪಾಳಿಗಿ ಹೊತ್ತಾತು. ಹಿಂಗ ಮಲಗಿದ್ದು ನಾ ನೋಡೇ ಇಲ್ಲ. ಎಬ್ಬಸ್ಲೋ ಬ್ಯಾಡೋ?"

ಕಿಟಕಿಯಲ್ಲಿ ಬಿಸಿಲು ನಡುಮನೆಯ ತನಕ ಬಂದಿತ್ತು. ಅದು ಯಾವಾಗ ಬಂತೆಂದು ನನಗೂ ಗೊತ್ತಾಗಿರಲಿಲ್ಲ.

"ಬ್ಯಾಡ್ರಿ ಚಾಚಿ," ಎಂದೆ. "ಮಲಗಲಿ."